ಏಳಿಮಲದ ಕೆಳಗೆ: ಹಡಗಿನ ಮಂದಿಯ ಪಟ್ಟಿ, ಪದವಿ, ಮಾತು

ಕಾಸರಗೋಡಿನಿಂದ ತೆಂಕಣಕ್ಕೆ ಹೊರಟ ರೈಲು ಕಾಞಂಗಾಡು, ನೀಲೇಶ್ವರ, ಚೆರುವತ್ತೂರುಗಳನ್ನು ದಾಟಿ ಪಯ್ಯನ್ನೂರನ್ನು ಸಮೀಪಿಸುವಾಗ ಪಡುವಣ ದಿಕ್ಕಿನಲ್ಲಿ ಗದ್ದೆ ಹಿನ್ನೀರುಗಳ ಆಚೆಗೆ ಒಂಟಿ ಬೆಟ್ಟವೊಂದು ಮೇಲೆದ್ದು ನಿಲ್ಲುತ್ತದೆ. ಸುತ್ತಲ ನೆಲವೆಲ್ಲ ತಗ್ಗು, ಇದೊಂದೇ ಎತ್ತರ. 286 ಮೀಟರ್ ಎಂದರೆ ಘಟ್ಟದ ಮಂದಿಗೆ ಗುಡ್ಡವೂ ಅಲ್ಲ. ಆದರೆ ಕಡಲಿನಿಂದ ನೋಡುವವನ ಲೆಕ್ಕವೇ ಬೇರೆ. ಶತಮಾನಗಳ ಕಾಲ ಅರಬರಿಗೂ ಪೋರ್ಚುಗೀಸರಿಗೂ ಮಲಬಾರಿನ ನೆಲ ಬಂತೆಂದು ಸಾರಿದ ಗುರುತು ಇದೇ. 1498ರಲ್ಲಿ ವಾಸ್ಕೋ ಡ ಗಾಮನ ನಾವಿಕರ ಕಣ್ಣಿಗೆ ಮೊದಲು ಬಿದ್ದ ಭಾರತದ ನೆಲ ಇದೆಂಬುದು ಪರಂಪರೆಯ ಮಾತು. ಪರದೇಶದವರ ನಕ್ಷೆಗಳಲ್ಲಿ ಇದು 'ಮೌಂಟ್ ಡೆಲಿ' ಆಯಿತು. ಮೂಷಿಕ ವಂಶದ ಅರಸರು ಆಳಿದ ಸೀಮೆಯೂ ಇದೇ.

ಮಲಯಾಳದಲ್ಲಿ ಈ ಬೆಟ್ಟದ ಹೆಸರು ಏಳಿಮಲ. ಆ 'ಳ' ನಮ್ಮ ಇಂದಿನ ಳಕಾರವಲ್ಲ. ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ, ಹಳಗನ್ನಡದಲ್ಲಿ ಇದ್ದು ಆಮೇಲೆ ನಾವು ಕೈಬಿಟ್ಟ ರಳ. ಕನ್ನಡದ ಪತ್ರಿಕೆಗಳು ಒಮ್ಮೆ ಏಳಿಮಲ ಎಂದೂ ಒಮ್ಮೆ ಎಝಿಮಲ ಎಂದೂ ಅಚ್ಚು ಹಾಕುವುದು ಆ ಕಳೆದುಹೋದ ಅಕ್ಷರದ ದೆಸೆಯಿಂದ. ಹನುಮಂತನು ಸಂಜೀವಿನಿ ಪರ್ವತವನ್ನು ಹೊತ್ತೊಯ್ಯುವಾಗ ಕಳಚಿ ಬಿದ್ದ ತುಣುಕು ಇದು ಎಂಬ ಐತಿಹ್ಯ ಊರಿನಲ್ಲಿದೆ. ಬೆಟ್ಟದ ಬುಡದಲ್ಲಿರುವ ನೌಕಾಪಡೆಯ ಆಸ್ಪತ್ರೆಗೆ 'ನವಜೀವನಿ' ಎಂಬ ಹೆಸರು ಈ ಐತಿಹ್ಯಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಈಗ ಬೆಟ್ಟವೂ ಅದರ ಪಡುವಣ ಕರೆಯೂ ಭಾರತೀಯ ನೌಕಾ ಅಕಾಡೆಮಿಯ ವಶದಲ್ಲಿವೆ. 1987ರ ಜನವರಿಯಲ್ಲಿ ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಶಿಲಾನ್ಯಾಸ ಮಾಡಿದರು. 2009ರ ಜನವರಿ 8ರಂದು ಮನಮೋಹನ ಸಿಂಗರು ಉದ್ಘಾಟಿಸಿದರು. ನಡುವೆ ಇಪ್ಪತ್ತೆರಡು ವರ್ಷಗಳು. ಅಲ್ಲಿಯವರೆಗೆ ನೌಕಾ ಅಕಾಡೆಮಿ ಕೊಚ್ಚಿಯಲ್ಲಿ ಹುಟ್ಟಿ, ಗೋವೆಯಲ್ಲಿ ಬೆಳೆದು, ಕಾಯಂ ಮನೆಗಾಗಿ ಕಾಯುತ್ತಿತ್ತು. ರಾಮಂತಳಿ ಪಂಚಾಯತಿನ ಅನೇಕ ಮನೆಯವರು ತೆಂಗಿನ ತೋಟವನ್ನೂ ದೈವದ ಸ್ಥಾನಗಳಿದ್ದ ನೆಲವನ್ನೂ ಬಿಟ್ಟುಕೊಟ್ಟು ಬೇರೆಡೆಗೆ ಹೋದ ಮೇಲೆಯೇ ಸುಮಾರು 2,450 ಎಕರೆಯ ಈ ಆವರಣ ಆದದ್ದು. ಆ ಮನೆಗಳ ಮೊಮ್ಮಕ್ಕಳಿಗೂ ಇಂದು ಗೇಟಿನ ಒಳಗೆ ಹೋಗಬೇಕಾದರೆ ಪಾಸು ಬೇಕು. ಬೆಟ್ಟದ ತುದಿಯ ದೀಪಸ್ತಂಭವನ್ನು ಜನಸಾಮಾನ್ಯರು ದೂರದಿಂದಲೇ ನೋಡಬೇಕು.

ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್ ತಿಂಗಳ ಕೊನೆಗೆ, ಪಯ್ಯನ್ನೂರಿನ ರೈಲು ನಿಲ್ದಾಣದಲ್ಲಿ ದೇಶದ ಎಲ್ಲ ಭಾಷೆಗಳೂ ಕೇಳಿಸುತ್ತವೆ. ತರಬೇತಿ ಮುಗಿಸಿದವರ ನಿರ್ಗಮನ ಪಥಸಂಚಲನವನ್ನು ನೋಡಲು ತಂದೆತಾಯಂದಿರು ಬರುವ ಕಾಲವದು. ಸಂಚಲನ ಮುಗಿದ ಮೇಲೆ ಮಗನ ಅಥವಾ ಮಗಳ ಹೆಗಲ ಮೇಲೆ ಮೊದಲ ಪಟ್ಟಿಯನ್ನು ಏರಿಸುವವರು ಹೆತ್ತವರೇ. ಅಂತಹ ಒಂದು ನವೆಂಬರಿನಲ್ಲಿ ಬದಿಯಡ್ಕದ ಕಡೆಯ ಕೃಷಿಕರೊಬ್ಬರು ರೈಲಿನಲ್ಲಿ ನನ್ನ ಎದುರಿಗೆ ಕುಳಿತಿದ್ದರು. ಅಡಿಕೆಯ ಧಾರಣೆ, ಮಂಗನ ಕಾಟ ಎಲ್ಲ ಮಾತಾಡಿ ಮುಗಿದ ಮೇಲೆ, ಮನಸ್ಸಿನಲ್ಲಿದ್ದುದನ್ನು ಕೇಳಿದರು: "ಮಾಷ್ಟ್ರೇ, ಮಗ ಇನ್ನು ಸಬ್ ಲೆಫ್ಟಿನೆಂಟ್ ಅಂತೆ. ನಮ್ಮ ನೆರೆಮನೆಯವರ ಅಳಿಯ ಮಿಲಿಟರಿಯಲ್ಲಿ ಕ್ಯಾಪ್ಟನ್. ಮತ್ತೊಬ್ಬರು ಹಡಗಿನಲ್ಲಿ ಕ್ಯಾಪ್ಟನ್ ಆಗಿದ್ದವರು, ಈಗ ನೇವಿಯಿಂದ ರಿಟೈರ್ ಆಗಿ ಬಂದಿದ್ದಾರೆ. ಇವರಲ್ಲೆಲ್ಲ ದೊಡ್ಡವರು ಯಾರು?"

ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ಗಡಿನಾಡಿನ ಮನೆಗಳಲ್ಲಿ ಸೇನೆಗೆ, ನೌಕಾಪಡೆಗೆ, ವ್ಯಾಪಾರದ ಹಡಗಿಗೆ ಹೋದವರು ಧಾರಾಳವಾಗಿದ್ದಾರೆ. ಅವರ ಹುದ್ದೆಯನ್ನು ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕುತ್ತೇವೆ, ಮರಣವಾರ್ತೆಯಲ್ಲಿ ಬರೆಯುತ್ತೇವೆ. ಅರ್ಥ ಮಾತ್ರ ಮಸುಕು.

ಭೂಸೇನೆಯ ಕ್ಯಾಪ್ಟನ್ ಎಂದರೆ ಹೆಗಲ ಮೇಲೆ ಮೂರು ನಕ್ಷತ್ರಗಳಿರುವ ಕಿರಿಯ ಅಧಿಕಾರಿ. ಸೇರಿದ ಕೆಲವೇ ವರ್ಷಗಳಲ್ಲಿ ದೊರೆಯುವ ಪದವಿ. ನೌಕಾಪಡೆಯಲ್ಲಿ ಅವನಿಗೆ ಸಮನಾದವನು ಲೆಫ್ಟಿನೆಂಟ್. ನೌಕಾಪಡೆಯ ಕ್ಯಾಪ್ಟನ್ ಎಂದರೆ ಭೂಸೇನೆಯ ಕರ್ನಲ್‌ಗೆ ಸಮ. ತೋಳಿನ ಮೇಲೆ ನಾಲ್ಕು ಚಿನ್ನದ ಪಟ್ಟಿಗಳು. ಇಪ್ಪತ್ತು ವರ್ಷಗಳ ಸೇವೆ ಬೆನ್ನಿಗಿರುವವರು. ಎರಡಕ್ಕೂ ಹೆಸರು ಒಂದೇ, ನಡುವೆ ಮೂರು ಮೆಟ್ಟಿಲುಗಳ ಅಂತರ. ನೆರೆಮನೆಯ ಅಳಿಯನಿಗಿಂತ ಕೃಷಿಕರ ಮಗ ಒಂದೇ ಮೆಟ್ಟಿಲು ಕೆಳಗೆ, ಅಷ್ಟೆ. ಸಬ್ ಲೆಫ್ಟಿನೆಂಟ್ ಎಂಬಲ್ಲಿಯ 'ಸಬ್' ಅವಮಾನವೇನೂ ಅಲ್ಲ. ನಮ್ಮ ಉಪನೋಂದಣಾಧಿಕಾರಿ, ಉಪಪ್ರಾಂಶುಪಾಲರ 'ಉಪ' ಎಂಬಷ್ಟೇ ಅದರ ಭಾರ.

ನೌಕಾ ಅಧಿಕಾರಿಯ ಪದವಿಯನ್ನು ತಿಳಿಯಲು ತೋಳಿನ ತುದಿಯ ಪಟ್ಟಿಗಳನ್ನು ಎಣಿಸಿದರೆ ಸಾಕು. ಒಂದು ಪಟ್ಟಿ ಸಬ್ ಲೆಫ್ಟಿನೆಂಟ್, ಎರಡು ಲೆಫ್ಟಿನೆಂಟ್, ಎರಡರ ನಡುವೆ ಒಂದು ಸಣಕಲು ಪಟ್ಟಿ ಬಂದರೆ ಲೆಫ್ಟಿನೆಂಟ್ ಕಮಾಂಡರ್, ಮೂರು ಕಮಾಂಡರ್, ನಾಲ್ಕು ಕ್ಯಾಪ್ಟನ್. ಮೇಲಿನ ಪಟ್ಟಿ ಒಂದು ಸುತ್ತು ಸುತ್ತಿಕೊಂಡು ಕುಣಿಕೆಯಾಗಿರುತ್ತದೆ. ನಾಲ್ಕರ ಮೇಲೆ ಎಣಿಕೆ ಮತ್ತೆ ಒಂದರಿಂದ ಆರಂಭವಾಗುತ್ತದೆ, ಆದರೆ ಅಗಲವಾದ ಪಟ್ಟಿಯಿಂದ: ಅಗಲದ್ದೊಂದೇ ಇದ್ದರೆ ಕಮೊಡೋರ್, ಅದರ ಮೇಲೆ ಒಂದು ಸಾಧಾರಣ ಪಟ್ಟಿ ಬಂದರೆ ರಿಯರ್ ಅಡ್ಮಿರಲ್, ಎರಡು ಬಂದರೆ ವೈಸ್ ಅಡ್ಮಿರಲ್, ಮೂರು ಬಂದರೆ ಅಡ್ಮಿರಲ್. ಕೊನೆಯದು ಇಡೀ ನೌಕಾಪಡೆಯಲ್ಲಿ ಸಾಮಾನ್ಯವಾಗಿ ಒಬ್ಬರಿಗೇ, ಮುಖ್ಯಸ್ಥರಿಗೆ. 1968ರಲ್ಲಿ ಎ. ಕೆ. ಚಟರ್ಜಿಯವರಿಗೆ ಈ ಪದವಿ ದೊರೆಯುವವರೆಗೆ ನಮ್ಮ ನೌಕಾಪಡೆಯ ಭಾರತೀಯ ಮುಖ್ಯಸ್ಥರೆಲ್ಲ ವೈಸ್ ಅಡ್ಮಿರಲ್‌ಗಳೇ ಆಗಿದ್ದರು.

ಈ ಹೆಸರುಗಳು ಬಂದ ದಾರಿಯನ್ನು ಹಿಡಿದು ಹೋದರೆ ಅರ್ಧ ಗೊಂದಲ ತಾನಾಗಿ ಹರಿಯುತ್ತದೆ. ಲೆಫ್ಟಿನೆಂಟ್ ಎಂದರೆ ಫ್ರೆಂಚ್ ಮೂಲದಲ್ಲಿ 'ಬದಲಿಗೆ ನಿಂತವನು', ಯಜಮಾನ ಇಲ್ಲದಾಗ ಅವನ ಜಾಗ ಹಿಡಿಯುವವನು. ಮಿಡ್‌ಶಿಪ್‌ಮನ್ ಎಂಬ ಎಳೆಯ ಅಧಿಕಾರಿ ಹಳೆಯ ಹಾಯಿಹಡಗಿನ ನಡುಭಾಗದಲ್ಲಿ ಕೆಲಸ ಕಲಿತವನು. ಅಡ್ಮಿರಲ್ ಎಂಬುದು ಕೇಳಲು ಎಷ್ಟೇ ಆಂಗ್ಲವೆನಿಸಿದರೂ ಅದರ ಹೊಟ್ಟೆಯಲ್ಲಿರುವುದು ಅರಬ್ಬಿಯ 'ಅಮೀರ್'. ಇನ್ನು ರಿಯರ್ ಅಡ್ಮಿರಲ್: ಇಂಗ್ಲಿಷ್ ನೌಕಾದಂಡು ಕಡಲಿನಲ್ಲಿ ಸಾಲುಗಟ್ಟಿದಾಗ ನಡುವಿನ ತುಕಡಿಯಲ್ಲಿ ಅಡ್ಮಿರಲ್, ಮುಂದಿನ ತುಕಡಿಯಲ್ಲಿ ಅವರ ಪ್ರತಿನಿಧಿಯಾಗಿ ವೈಸ್ ಅಡ್ಮಿರಲ್, ಹಿಂದಿನ ತುಕಡಿಯಲ್ಲಿ ರಿಯರ್ ಅಡ್ಮಿರಲ್ ಇರುತ್ತಿದ್ದರು. ಯುದ್ಧದ ಮೊದಲ ಪೆಟ್ಟು ಬೀಳುವುದು ಮುಂದಿನವರಿಗಾದ್ದರಿಂದ ಹಿಂದಿನವರು ಕಿರಿಯರಾದರು. ಇಂದು ಸಾಲೂ ಇಲ್ಲ, ಹಾಯಿಯೂ ಇಲ್ಲ, ಹೆಸರು ಉಳಿದಿದೆ. ನಮ್ಮ ಊರುಗಳಲ್ಲಿ ಪಟೇಲಿಕೆ ಹೋದ ಮೇಲೂ ಪಟೇಲರ ಮನೆ ಎಂಬ ಹೆಸರು ಉಳಿದ ಹಾಗೆ.

ಕ್ಯಾಪ್ಟನ್ ಎಂಬ ಮಾತಿಗೆ ಮಾತ್ರ ಇನ್ನೂ ಒಂದು ತೊಡಕಿದೆ. ಅದು ಪದವಿಯೂ ಹೌದು, ಹೊಣೆಯೂ ಹೌದು. ಹಡಗಿನ ಆಧಿಪತ್ಯ ಯಾರ ಕೈಯಲ್ಲಿದೆಯೋ ಅವರ ಪಟ್ಟಿ ಎರಡೂವರೆ ಇರಲಿ, ನಾಲ್ಕಿರಲಿ, ಆ ಹಡಗಿನ ಮಟ್ಟಿಗೆ ಅವರೇ ಕ್ಯಾಪ್ಟನ್. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾಟ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳನ್ನು ನಡೆಸಿದವರು ಲೆಫ್ಟಿನೆಂಟ್ ಕಮಾಂಡರ್‌ಗಳು. ಆ ದೋಣಿಗಳ ದಳಪತಿ ಬಬ್ರು ಭಾನ್ ಯಾದವರು ಕಮಾಂಡರ್. ನೌಕಾದಿನವನ್ನು ಡಿಸೆಂಬರ್ 4ರಂದು ಆಚರಿಸುವುದು ಅದರ ನೆನಪಿಗಾಗಿ. ಅದೇ ಯುದ್ಧದಲ್ಲಿ, ಐದು ದಿನಗಳ ತರುವಾಯ, ದೀವ್ ದ್ವೀಪದ ಸಮೀಪ ಶತ್ರುವಿನ ಜಲಾಂತರ್ಗಾಮಿ ಖುಕ್ರಿ ಎಂಬ ಹಡಗನ್ನು ಮುಳುಗಿಸಿತು. ಅದರ ಆಧಿಪತ್ಯ ವಹಿಸಿದ್ದ ಮಹೇಂದ್ರನಾಥ ಮುಲ್ಲಾ ಅವರು ಪದವಿಯಿಂದಲೂ ಕ್ಯಾಪ್ಟನ್, ಹೊಣೆಯಿಂದಲೂ ಕ್ಯಾಪ್ಟನ್. ಹಡಗನ್ನು ಬಿಡದೆ ಅದರೊಂದಿಗೇ ಮುಳುಗಿದರು. ಆ ದಿನ ಮಡಿದವರ ಲೆಕ್ಕವನ್ನು ನೌಕಾಪಡೆ ಇಂದಿಗೂ ಎರಡು ಅಂಕಿಗಳಲ್ಲಿ ಕೊಡುತ್ತದೆ: 18 ಅಧಿಕಾರಿಗಳು, 176 ನಾವಿಕರು.

ಆ ಎರಡನೆಯ ಅಂಕಿಯ ಮಂದಿಯ ವಿಷಯದಲ್ಲಿ ನಮ್ಮ ಅಜ್ಞಾನ ಇನ್ನೂ ದೊಡ್ಡದು. ಅಧಿಕಾರಿಯ ಪದವಿ ಬರುವುದು ರಾಷ್ಟ್ರಪತಿಗಳ ಸನ್ನದಿನಿಂದ, ಅಂದರೆ ಕಮಿಷನ್‌ನಿಂದ. ಉಳಿದವರನ್ನು ಇಂಗ್ಲಿಷಿನವರು 'ರೇಟಿಂಗ್' ಎಂದರು. ಹಾಯಿಹಡಗಿನ ಕಾಲದಲ್ಲಿ ಪ್ರತಿಯೊಬ್ಬನ ಕೌಶಲವನ್ನು ನೋಡಿ ಹಡಗಿನ ಹಾಜರಿ ಪುಸ್ತಕದಲ್ಲಿ ದರ್ಜೆ ಬರೆಯುತ್ತಿದ್ದರು. ಆ ದರ್ಜೆಯೇ ಮನುಷ್ಯನ ಹೆಸರಾಯಿತು. ನಮ್ಮ 1957ರ ನೌಕಾ ಕಾಯ್ದೆ 'ಸೇಲರ್' ಎಂಬ ಮಾತನ್ನು ಬಳಸುತ್ತದೆ. ನಾವಿಕ ಎಂಬುದು ಒಳ್ಳೆಯ ಕನ್ನಡ.

ನಾವಿಕರ ಏಣಿ ಹೀಗಿದೆ. ಕೆಳಗೆ ಎರಡನೆಯ ದರ್ಜೆಯ ಸೀಮನ್, ಅವನ ಮೇಲೆ ಮೊದಲನೆಯ ದರ್ಜೆಯ ಸೀಮನ್. ತೋಳಿನ ಮೇಲೆ ಲಂಗರಿನ ಚಿಹ್ನೆ ಬಂದರೆ ಲೀಡಿಂಗ್ ಸೀಮನ್, ಭೂಸೇನೆಯ ನಾಯಕ್‌ಗೆ ಸಮ. ಮುಂದೆ ಪೆಟಿ ಆಫೀಸರ್, ಹವಾಲ್ದಾರನಿಗೆ ಸಮ. ಆಮೇಲೆ ಚೀಫ್ ಪೆಟಿ ಆಫೀಸರ್. ಅದರ ಮೇಲೆ ಎರಡು ದರ್ಜೆಯ ಮಾಸ್ಟರ್ ಚೀಫ್ ಪೆಟಿ ಆಫೀಸರ್‌ಗಳು. ಮೊದಲನೆಯ ದರ್ಜೆಯ ಮಾಸ್ಟರ್ ಚೀಫ್ ಎಂದರೆ ಸುಬೇದಾರ್ ಮೇಜರ್‌ಗೆ ಸಮ. ಇವು ಕೇವಲ ಮೆಟ್ಟಿಲುಗಳು. ಮೆಟ್ಟಿಲಿನ ಜೊತೆಗೆ ಕಸುಬು ಬೇರೆ ಇರುತ್ತದೆ. ಫಿರಂಗಿ, ರಾಡಾರ್, ತಂತಿ ಸಂದೇಶ, ಎಂಜಿನ್, ವಿದ್ಯುತ್ತು, ಅಡುಗೆ, ಉಗ್ರಾಣ, ಹೀಗೆ. ಎಂಜಿನ್ನಿನ ಕುಶಲಕರ್ಮಿಗೆ ಆರ್ಟಿಫಿಸರ್ ಎಂಬ ಹೆಸರು.

ನಮ್ಮ ಕಡೆಯ ಒಂದು ಊರಿನ ಸನ್ಮಾನ ಸಭೆಯಲ್ಲಿ ನಿವೃತ್ತ ಮಾಸ್ಟರ್ ಚೀಫ್ ಪೆಟಿ ಆಫೀಸರ್ ಒಬ್ಬರನ್ನು ನಿರೂಪಕರು 'ಪೆಟ್ಟಿ ಆಫೀಸರ್' ಎಂದು ಪರಿಚಯಿಸಿದಾಗ ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಗೂಡಂಗಡಿಗೆ ಪೆಟ್ಟಿ ಅಂಗಡಿ ಎನ್ನುವ ಊರು ನಮ್ಮದು. ನಗೆಗೆ ಕಾರಣ ಅದೇ. ವೇದಿಕೆಯ ಮೇಲೆ ಆಸನ ದೊರೆತದ್ದು ಆರು ವರ್ಷ ಸೇವೆಯ ಎಳೆಯ ಅಧಿಕಾರಿಗೆ. ಮೂರು ದಶಕಗಳ ಕಾಲ ಎಂಜಿನ್ ಕೋಣೆಯ ಉರಿಯಲ್ಲಿ ದುಡಿದ ಹಿರಿಯರು ಶಾಲು ಹೊದಿಸಿಕೊಂಡು ಕೆಳಗಿಳಿದರು. ಪೆಟಿ ಎಂಬುದು ಫ್ರೆಂಚಿನ 'ಪೆತಿ', ಅಂದರೆ ಕಿರಿದು. ಕಮಿಷನ್ ಪಡೆದವರಿಗಿಂತ ಕಿರಿಯ ಅಧಿಕಾರಿ ಎಂಬುದು ಅದರ ಹುರುಳು, ಕ್ಷುಲ್ಲಕ ಎಂಬುದಲ್ಲ. ಹಡಗಿನಲ್ಲಿ ಆ ಎಳೆಯ ಅಧಿಕಾರಿಯೇ ಎಂಜಿನ್ನಿನ ಸದ್ದು ಬದಲಾದರೆ ಮಾಸ್ಟರ್ ಚೀಫರನ್ನು ಕರೆಸಿ ಅವರ ಮಾತನ್ನು ಕೇಳುತ್ತಾನೆ. ಉತ್ತಮ ಸೇವೆ ಸಲ್ಲಿಸಿದ ಇಂತಹ ಹಿರಿಯ ನಾವಿಕರಿಗೆ ಗಣರಾಜ್ಯ ದಿನ, ಸ್ವಾತಂತ್ರ್ಯ ದಿನಗಳಂದು ಗೌರವ ಸಬ್ ಲೆಫ್ಟಿನೆಂಟ್, ಗೌರವ ಲೆಫ್ಟಿನೆಂಟ್ ಪದವಿ ನೀಡುವ ಪದ್ಧತಿಯೂ ಇದೆ. ಹೆಸರಿನ ಮುಂದೆ ಅದನ್ನು ಕಂಡರೆ ಕೆಳಗಿನಿಂದ ಮೇಲೆ ಹತ್ತಿದವರು ಎಂದು ಓದಬೇಕು.

ಅಧಿಕಾರಿ ಮತ್ತು ನಾವಿಕರ ನಡುವಿನ ಈ ಗೆರೆ ಎಷ್ಟು ಆಳವಾಗಿತ್ತೆಂಬುದನ್ನು 1946 ತೋರಿಸಿತು. ಆ ವರ್ಷದ ಫೆಬ್ರವರಿ 18ರಂದು ಮುಂಬಯಿಯ 'ತಲ್ವಾರ್' ಎಂಬ ಸಂಕೇತ ಶಾಲೆಯ ನಾವಿಕರು ಊಟವನ್ನು ನಿರಾಕರಿಸಿ ಮುಷ್ಕರ ಹೂಡಿದರು. ಕೆಟ್ಟ ಆಹಾರ, ಕಡಿಮೆ ಸಂಬಳ, ಬಿಳಿಯ ಅಧಿಕಾರಿಗಳ ಬೈಗುಳ ತತ್ಕಾಲದ ಕಾರಣಗಳು; ಒಳಗೆ ಉರಿಯುತ್ತಿದ್ದುದು ಸ್ವಾತಂತ್ರ್ಯದ ಆಸೆ. ಮುಷ್ಕರ ಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್, ಉಪಾಧ್ಯಕ್ಷ ಮದನ್ ಸಿಂಗ್, ಗೋಡೆಬರಹಗಳಿಂದ ಮೊದಲೇ ಸೆರೆಯಾಗಿದ್ದ ಬಿ. ಸಿ. ದತ್ತ್, ಎಲ್ಲರೂ 'ರೇಟಿಂಗ್'ಗಳೇ. ಕೆಲವೇ ದಿನಗಳಲ್ಲಿ 78 ಹಡಗುಗಳಿಗೂ ಇಪ್ಪತ್ತರಷ್ಟು ನೆಲದ ನೆಲೆಗಳಿಗೂ ಹಬ್ಬಿದ ಈ ಬಂಡಾಯದಲ್ಲಿ ಸುಮಾರು 20,000 ನಾವಿಕರು ಪಾಲ್ಗೊಂಡರೆಂದು ಹೇಳುತ್ತಾರೆ. ವಲ್ಲಭಭಾಯಿ ಪಟೇಲರ ಮಾತಿಗೆ ಓಗೊಟ್ಟು ಅವರು ಶರಣಾದರು. ಅನೇಕರು ಕೆಲಸ ಕಳೆದುಕೊಂಡು ಊರಿಗೆ ಹಿಂತಿರುಗಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ದೊರೆತದ್ದು ಒಂದೆರಡು ಸಾಲು. ಅವರಲ್ಲಿ ನಾಲ್ಕು ಪಟ್ಟಿಯವರಿದ್ದರೆ ಇನ್ನಷ್ಟು ದೊರೆಯುತ್ತಿತ್ತೇನೋ.

ತಲ್ವಾರ್ ಎಂಬುದು ಹಡಗಲ್ಲ, ಕೊಲಾಬಾದ ನೆಲದ ಮೇಲಿದ್ದ ಕಟ್ಟಡಗಳ ಗುಂಪು ಎಂದರೆ ಓದುಗರಿಗೆ ವಿಚಿತ್ರವೆನಿಸಬಹುದು. ನೌಕಾಪಡೆಯಲ್ಲಿ ನೆಲದ ನೆಲೆಗೂ ಹಡಗಿನ ಹೆಸರಿಟ್ಟು, ಹಡಗೆಂದೇ ಭಾವಿಸುವುದು ವಾಡಿಕೆ. ಏಳಿಮಲದ ಅಕಾಡೆಮಿಗೆ ಆಸರೆಯಾಗಿರುವ ನೆಲೆಯ ಹೆಸರು ಐಎನ್‌ಎಸ್ ಝಾಮೊರಿನ್, ಕೋಝಿಕ್ಕೋಡಿನ ಸಾಮೂತಿರಿ ಅರಸರ ನೆನಪಿಗೆ. ಗೋವೆಯ ವಿಮಾನ ನೆಲೆ ಐಎನ್‌ಎಸ್ ಹಂಸ. ಕಾರವಾರದ್ದು ಐಎನ್‌ಎಸ್ ಕದಂಬ, ನಮ್ಮ ಬನವಾಸಿಯ ಅರಸರ ಹೆಸರು. ನಾವಿಕರು ಮೊದಲ ಪಾಠ ಕಲಿಯುವ ಒಡಿಶಾದ ಐಎನ್‌ಎಸ್ ಚಿಲ್ಕಾ ಸಹ ಸರೋವರದ ದಡದ ನೆಲವೇ. ಅಗ್ನಿಪಥ ಯೋಜನೆಯ ಮೊದಲ ತಂಡ 2023ರ ಮಾರ್ಚ್‌ನಲ್ಲಿ ಹೊರಬಂದದ್ದು ಅಲ್ಲಿಂದ. ಅದರಲ್ಲಿ 273 ಮಹಿಳೆಯರಿದ್ದರು. ನಾವಿಕರ ಸಾಲಿನಲ್ಲಿ ಮಹಿಳೆಯರು ನಿಂತದ್ದು ಅದೇ ಮೊದಲು. ನಾಲ್ಕು ವರ್ಷಗಳ ತರುವಾಯ ಉಳಿಯುವವರು ಗರಿಷ್ಠ ನೂರಕ್ಕೆ ಇಪ್ಪತ್ತೈದು ಮಂದಿ ಎಂಬ ನಿಯಮವನ್ನು ಮಕ್ಕಳನ್ನು ಕಳುಹಿಸುವ ಮನೆಯವರು ತಿಳಿದಿರಬೇಕು. ಹಿಂದೆ ಸಾಮಾನ್ಯ ನಾವಿಕನಿಗೂ ಹದಿನೈದು ವರ್ಷಗಳ ಸೇವೆ ಮತ್ತು ಪಿಂಚಣಿಯ ಭರವಸೆ ಇತ್ತು.

ಇಂತಹ ನೆಲದ ಹಡಗಿನಲ್ಲಿ ನೆಲಕ್ಕೆ ಡೆಕ್ ಎನ್ನಬೇಕು, ಅಡುಗೆಮನೆಗೆ ಗ್ಯಾಲಿ, ಗೋಡೆಗೆ ಬಲ್ಕ್‌ಹೆಡ್. ಗೇಟು ದಾಟಿ ಪೇಟೆಗೆ ಹೊರಟರೆ 'ದಡಕ್ಕೆ ಹೋಗುವುದು'. ಎಡಬಲಗಳಿಗೆ ಪೋರ್ಟ್, ಸ್ಟಾರ್‌ಬೋರ್ಡ್. ಹಳೆಯ ಹಡಗುಗಳಲ್ಲಿ ದಿಕ್ಕು ತಿರುಗಿಸುವ ಹಲಗೆ ಬಲಬದಿಗಿದ್ದುದರಿಂದ ಅದು ಸ್ಟಾರ್‌ಬೋರ್ಡ್ ಆಯಿತು. ಎಡಬದಿಗೆ ಲಾರ್‌ಬೋರ್ಡ್ ಎಂಬ ಹೆಸರಿತ್ತು. ಗಾಳಿಯಬ್ಬರದಲ್ಲಿ ಎರಡೂ ಒಂದೇ ತರ ಕೇಳಿ ಅನಾಹುತವಾಗುವುದೆಂದು 1844ರಲ್ಲಿ ಬ್ರಿಟಿಷ್ ನೌಕಾ ಇಲಾಖೆ ಎಡಕ್ಕೆ ಪೋರ್ಟ್ ಎನ್ನುವಂತೆ ಆಜ್ಞೆ ಹೊರಡಿಸಿತು.

ರೈಲಿನ ಕೃಷಿಕರು ಹೇಳಿದ ಮೂರನೆಯ ಕ್ಯಾಪ್ಟನ್ ನೌಕಾಪಡೆಯವರೇ ಅಲ್ಲವೆಂಬುದು ಸ್ವಲ್ಪ ವಿಚಾರಿಸಿದಾಗ ತಿಳಿಯಿತು. ಕೋಟಿಕುಳಂ, ಪಾಲಕುನ್ನು, ಉದುಮ ಕಡೆಗಳಲ್ಲಿ ಮನೆಮನೆಗೂ ಒಬ್ಬರೆಂಬಂತೆ ವ್ಯಾಪಾರದ ಹಡಗುಗಳಲ್ಲಿ ದುಡಿಯುವವರಿದ್ದಾರೆ. ಅದಕ್ಕೂ ಮರ್ಚೆಂಟ್ 'ನೇವಿ' ಎಂಬ ಹೆಸರಿರುವುದರಿಂದ ಎರಡೂ ಕಲಸಿಹೋಗುತ್ತವೆ. ಅಲ್ಲಿ ಸನ್ನದಿಲ್ಲ, ಪರೀಕ್ಷೆ ಇದೆ. ಹಡಗು ಸಾರಿಗೆಯ ಮಹಾನಿರ್ದೇಶನಾಲಯದ ಅರ್ಹತಾಪತ್ರ ಪಡೆದವರು ಮಾಸ್ಟರ್. ಜನರ ಬಾಯಲ್ಲಿ ಕ್ಯಾಪ್ಟನ್. ಅವರ ಹೆಗಲ ಮೇಲೂ ನಾಲ್ಕು ಪಟ್ಟಿ. ಅವರದು ಸರಕು, ಇವರದು ಸಮರ; ದೊಡ್ಡವರು ಯಾರೆಂದು ತೂಗುವ ತಕ್ಕಡಿ ಇಲ್ಲ.

ವ್ಯಾಪಾರದ ಹಡಗುಗಳಲ್ಲಿ ನಮ್ಮ ಕರಾವಳಿಯ ಹಳೆಯ ಪದಗಳು ಇನ್ನೂ ಹೆಚ್ಚು ಉಳಿದಿವೆ. ಆವಿಹಡಗಿನ ಕಾಲದಲ್ಲಿ ಲಸ್ಕರರೆಂದು ಕರೆಸಿಕೊಂಡ ಏಷ್ಯದ ನಾವಿಕರಲ್ಲಿ ತಮ್ಮದೇ ಪದವಿಗಳ ಸಾಲಿತ್ತು. ಗುಂಪಿನ ಯಜಮಾನ ಸರಂಗ, ಪಾರಸಿಯ 'ಸರ್‌ಹಂಗ್', ಅಂದರೆ ದಳಪತಿ, ಅವನ ಕೈಕೆಳಗೆ ತಾಂಡೇಲ, ಕೆಳಗೆ ಖಲಾಸಿಗಳು, ಅಡುಗೆಗೆ ಭಂಡಾರಿ, ಗುಡಿಸಲು ತೋಪಾಸ್, ಚುಕ್ಕಾಣಿ ಹಿಡಿದವನು ಸುಕ್ಕಾಣಿ. ಅರಬ್ಬಿಯ 'ಸುಕ್ಕಾನ್' ಎಂಬ ಆ ಮಾತು ಕನ್ನಡದಲ್ಲಿ ಚುಕ್ಕಾಣಿಯಾಗಿ ಕಡಲನ್ನೇ ಕಾಣದ ಊರುಗಳ ಪತ್ರಿಕೆಗಳಲ್ಲೂ ಸರಕಾರದ ಚುಕ್ಕಾಣಿಯಾಗಿ ತಿರುಗುತ್ತಿದೆ. ಲಂಗರು ಪಾರಸಿಯಿಂದ ಬಂತು.

2023ರ ನೌಕಾದಿನದಂದು ಸಿಂಧುದುರ್ಗದಲ್ಲಿ ಪ್ರಧಾನಿಯವರು ನೌಕಾಪದವಿಗಳಿಗೆ ಭಾರತೀಯ ಪರಂಪರೆಗೆ ಒಪ್ಪುವ ಹೆಸರುಗಳನ್ನಿಡುವುದಾಗಿ ಸಾರಿದರು. ಅಡ್ಮಿರಲ್‌ಗಳ ಹೆಗಲ ಪಟ್ಟಿಯಲ್ಲಿ ಶಿವಾಜಿಯ ರಾಜಮುದ್ರೆಯಿಂದ ಪ್ರೇರಿತವಾದ ಅಷ್ಟಕೋನ ಬಂದಿತು. ಹೆಸರಿಡುವವರು ಸಂಸ್ಕೃತದ ನಿಘಂಟನ್ನು ತೆರೆಯುವ ಮುನ್ನ ಕರಾವಳಿಯ ಬಂದರುಗಳಲ್ಲಿ ಒಮ್ಮೆ ಕಿವಿಗೊಡಲಿ ಎಂಬುದು ನನ್ನ ಆಸೆ.

ಏಳಿಮಲದ ಒಳಗನ್ನು ನೋಡಲಾಗದ ನಮ್ಮವರು ಹಡಗಿನ ಒಳಗನ್ನು ನೋಡಬೇಕೆಂದರೆ ಕಾರವಾರಕ್ಕೆ ಹೋಗಬಹುದು. ಅಲ್ಲಿಯ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಕರಾಚಿಗೆ ಹೋದ ಮೂರರ ಜಾತಿಯದೇ. ಇಡೀ ದೋಣಿಗೆ ಮೂವತ್ತರ ಆಸುಪಾಸಿನ ಮಂದಿ. ನಾವಿಕರ ಮಲಗುವ ಹಲಗೆಗಳ ಇಕ್ಕಟ್ಟನ್ನು ನೋಡಿದ ಮೇಲೆ ಪಟ್ಟಿಗಳ ಲೆಕ್ಕ ಬೇರೆಯೇ ರೀತಿ ಮನಸ್ಸಿಗೆ ಬರುತ್ತದೆ.

ಬೆಟ್ಟದ ದಕ್ಷಿಣದ ಮೂಲೆಯಲ್ಲಿ ಎಟ್ಟಿಕುಳಂ, ಅದರಾಚೆ ಪಾಲಕ್ಕೋಡಿನ ಮೀನುಗಾರಿಕೆಯ ಬಂದರು. ಅಲ್ಲಿಗೆ ಪಾಸು ಬೇಡ. ಬೇಲಿಯ ಒಳಗೆ ಎಳೆಯರು ಅಡ್ಮಿರಲ್‌ವರೆಗಿನ ಮೆಟ್ಟಿಲುಗಳನ್ನು ಬಾಯಿಪಾಠ ಮಾಡುತ್ತಿರುವ ಹೊತ್ತಿಗೆ ಹೊರಗೆ ಬೋಟುಗಳು ಅಳಿವೆಯನ್ನು ದಾಟಿ ಬರುತ್ತವೆ. ಬೋಟು ನಡೆಸುವವನನ್ನು ಇಲ್ಲಿ ಸ್ರಾಂಕ್ ಎನ್ನುತ್ತಾರೆ, ಅದೇ ಹಳೆಯ ಸರಂಗ. ಚಂದ್ರಗಿರಿ ಹೊಳೆಯನ್ನು ದಾಟಿ ಬಡಗಣಕ್ಕೆ, ಮಂಗಳೂರು ಮಲ್ಪೆಗಳಿಗೆ ಹೋದರೆ ಅವನು ತಾಂಡೇಲ.